ರಸ್ತೆಯ ಈಚೆ ಮನೆ, ಆಚೆ ತೋಟ

ಅಪ್ಪ ಬಂದ ಮೂರನೇ ದಿನವೇ ಕೇಳಿದರು. "ಅಲ್ಲಾ, ಇಷ್ಟು ಒಳ್ಳೆ ಜಾಗ, ಆ ಕಡೆ ಯಾಕೆ ಯಾರೂ ಸೈಟ್ ಮಾಡಿಲ್ಲ?"

ನಾವಿರುವುದು ಅಮೆರಿಕದ ಆರೆಗಾನ್ ರಾಜ್ಯದಲ್ಲಿ, ಪೋರ್ಟ್‌ಲೆಂಡ್ ಪಕ್ಕದ ಬೀವರ್ಟನ್ ಎಂಬ ಊರಿನಲ್ಲಿ. ಕೂಪರ್ ಮೌಂಟನ್ ಅನ್ನುವ ಗುಡ್ಡದ ಬುಡಕ್ಕೆ ನಮ್ಮ ಮನೆ. ಹೆಸರಿಗೆ ಮೌಂಟನ್, ಸಾವನದುರ್ಗ ಹತ್ತಿದವರಿಗೆ ಅದು ದಿಣ್ಣೆ ಅಷ್ಟೆ. ಊರು ಇಲ್ಲಿಗೆ ಮುಗಿಯುತ್ತದೆ. ರಸ್ತೆಯ ಈಚೆ ಒತ್ತೊತ್ತಾಗಿ ಹೊಸ ಮನೆಗಳು, ನಮ್ಮ ಅಡುಗೆಮನೆ ಕಿಟಕಿಯಿಂದ ಪಕ್ಕದವರ ಮನೆ ಕುಕ್ಕರ್ ಕಾಣುತ್ತದೆ. ಆಚೆ ಹೇಜಲ್‌ನಟ್ ತೋಟ. ಮರದ ಸಾಲುಗಳ ನಡುವೆ ನೆಲ ಕಣದ ಹಾಗೆ ನುಣ್ಣಗಿರುತ್ತದೆ. ಕಾಯಿ ತಾನಾಗಿ ಉದುರಿದ ಮೇಲೆ ಮೆಷಿನ್ ತಂದು ಗುಡಿಸಿ ಎತ್ತಿಕೊಳ್ಳುತ್ತಾರೆ, ಅದಕ್ಕೆ.

ಅಪ್ಪನಿಗೆ ಈ ತೋಟ ನೋಡಿ ನೆಮ್ಮದಿಯೇ ಇರಲಿಲ್ಲ. ಬೆಂಗಳೂರಿನಲ್ಲಿ ರಸ್ತೆಯ ಒಂದು ಬದಿ ಮನೆ ಬಂತೆಂದರೆ ಇನ್ನೊಂದು ಬದಿಗೆ ಕಲ್ಲು ನೆಟ್ಟಾಯಿತು ಅಂತಲೇ ಲೆಕ್ಕ. "ಕನ್ವರ್ಷನ್ ಆಗಿಲ್ವಾ?" ಅಂದರು. ಅಪ್ಪ, ಇಲ್ಲಿ ಗೆರೆ ಎಳೆದಿದ್ದಾರೆ ಅಂದೆ.

ಗೆರೆಯ ಕತೆ ಹಳೆಯದು. ಟಾಮ್ ಮೆಕಾಲ್ ಗವರ್ನರ್ ಆಗಿದ್ದಾಗ, 1973ರಲ್ಲಿ, ಈ ರಾಜ್ಯ ಒಂದು ಕಾನೂನು ಮಾಡಿತು. ಹೊಲ ಗದ್ದೆ ನುಂಗಿಕೊಂಡು ಊರು ಬೆಳೆಯಬಾರದು, ಪ್ರತಿ ಊರೂ ತನ್ನ ಸುತ್ತ ಒಂದು ಗೆರೆ ಹಾಕಿಕೊಳ್ಳಬೇಕು ಅಂತ. ಪೋರ್ಟ್‌ಲೆಂಡ್ ಸುತ್ತಲಿನ ಗೆರೆ 1979ರದ್ದು. ಒಳಗೆ ಪಟ್ಟಣ, ಹೊರಗೆ ಬೇಸಾಯ ಮತ್ತು ಕಾಡು. ಪೋರ್ಟ್‌ಲೆಂಡ್ ಸೇರಿ 24 ಊರುಗಳಿಗೆ ಈ ಗೆರೆಯನ್ನು ನೋಡಿಕೊಳ್ಳುವುದು ಮೆಟ್ರೋ. ರೈಲಲ್ಲ, ಜನ ಓಟು ಹಾಕಿ ಆರಿಸುವ ಒಂದು ಪ್ರಾದೇಶಿಕ ಸರ್ಕಾರ. ಮುಂದಿನ 20 ವರ್ಷಕ್ಕೆ ಒಳಗೆ ಜಾಗ ಸಾಕಾ ಅಂತ ಆರು ವರ್ಷಕ್ಕೊಮ್ಮೆ ಲೆಕ್ಕ ಹಾಕುತ್ತಾರೆ. ಸಾಲದಿದ್ದರೆ ಗೆರೆ ಸ್ವಲ್ಪ ಸರಿಯುತ್ತದೆ.

2018ರಲ್ಲಿ ಹಾಗೆ ಸರಿದದ್ದು ನಮ್ಮ ಗುಡ್ಡದ ಮೇಲೆ. 1,232 ಎಕರೆ ಒಳಗೆ ಬಂತು. ಕಡಿಮೆಯೆಂದರೂ 3,760 ಮನೆಗೆ ಅವಕಾಶ ಇರಬೇಕು ಅಂತ ಷರತ್ತು. ಅಲ್ಲಿಂದ ಶುರುವಾಯಿತು ನೋಡಿ ಸಭೆ. 2024ರಲ್ಲೂ ಪ್ಲಾನ್ ಮೇಲೆ ಮಾತು ನಡೆದೇ ಇತ್ತು.

ಅಪ್ಪ ಬರುವ ಮುಂಚೆ ಒಂದು ಸಭೆಗೆ ನಾನೂ ಹೋಗಿದ್ದೆ. ಸುಮ್ನೆ, ಕುತೂಹಲಕ್ಕೆ. ಮೇಜಿನ ಮೇಲೆ ಮಂಚದಷ್ಟು ದೊಡ್ಡ ನಕ್ಷೆ. ಕೈಗೆ ಮಕ್ಕಳ ಸ್ಟಿಕರ್ ತರಹದ ಬಣ್ಣದ ಚುಕ್ಕಿ ಕೊಟ್ಟರು, ಪಾರ್ಕ್ ಎಲ್ಲಿ ಬೇಕೋ ಅಲ್ಲಿ ಹಸಿರು ಅಂಟಿಸಿ, ಅಂಗಡಿ ಎಲ್ಲಿ ಬೇಕೋ ಅಲ್ಲಿ ಕೆಂಪು ಅಂತ. ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರಕ್ಕೆ ಒಂದು ಕೆಂಪು ಅಂಟಿಸಿದೆ. ಕೊತ್ತಂಬರಿ ಸೊಪ್ಪಿಗೂ ಕಾರು ತೆಗೆಯಬೇಕಾದವರ ಕಷ್ಟ ನಿಮಗೆ ಗೊತ್ತಿಲ್ಲ!

ಪಕ್ಕದಲ್ಲಿ ವಯಸ್ಸಾದ ಹೆಂಗಸೊಬ್ಬರು ಚುಕ್ಕಿ ಅಂಟಿಸದೆ ನಿಂತಿದ್ದರು. ಗುಡ್ಡದ ಮೇಲೆ ಅವರಿಗೆ ಐದು ಎಕರೆ, ಎರಡು ಕುದುರೆ. ನಕ್ಷೆಯಲ್ಲಿ ಹೊಸ ರಸ್ತೆಯ ಗೆರೆ ಅವರ ಲಾಯದ ಮೇಲೇ ಹೋಗಿತ್ತು. ಬೆರಳಿಟ್ಟು ತೋರಿಸಿದರು. ಅವರಾಗಿ ಮಾರುವ ತನಕ ಕುದುರೆ ಅಲ್ಲೇ ಇರಬಹುದು, ನಕ್ಷೆಯಲ್ಲಿ ಬಣ್ಣ ಬದಲಾದರೂ ಬದುಕು ಬದಲಾಗಬೇಕಿಲ್ಲ ಅಂತ ಸಿಬ್ಬಂದಿ ಸಮಾಧಾನ ಹೇಳಿದರು. ಅವರ ಬೆರಳು ಮಾತ್ರ ಅಲ್ಲಿಂದ ಏಳಲಿಲ್ಲ.

ನನಗೆ ಅವತ್ತು ಹೊಸದಾಗಿ ತಿಳಿದ ವಿಷಯ ಯುಜಿಡಿಯದ್ದು, ಅಂದರೆ ನೆಲದಡಿಯ ಒಳಚರಂಡಿಯದ್ದು. ಊರು ಯಾವ ಕಡೆ ಮೊದಲು ಬೆಳೆಯಬೇಕು ಅಂತ ತೀರ್ಮಾನ ಮಾಡುವುದು ನೋಟವೂ ಅಲ್ಲ, ರೇಟೂ ಅಲ್ಲ. ಚರಂಡಿ ನೀರು ತಾನಾಗಿ ಇಳಿಯುವ ಕಡೆ ಮನೆ ಬೇಗ ಬರುತ್ತದೆ, ಪಂಪ್ ಇಡಬೇಕಾದ ಕಡೆ ತಡ. ಹಳ್ಳದ ಪಕ್ಕ ಕಟ್ಟುವ ಹಾಗೇ ಇಲ್ಲ, ಇಳಿಜಾರು ಕಡಿದಾದ ಕಡೆ 200 ಅಡಿವರೆಗೂ ಬಿಡಬೇಕು. ಇದನ್ನು ಹೇಳಿದಾಗ ಅಪ್ಪ ನಕ್ಕರು. "ನಮ್ಮಲ್ಲೂ ರಾಜಕಾಲುವೆಗೆ ಬಫರ್ ಇದೆ ಕಣೋ, ಕಾಗದದಲ್ಲಿ."

ಅವರ ನಗುವಿಗೆ ಕಾರಣ ಇದೆ. 2008ರಲ್ಲಿ ಆನೇಕಲ್ ಕಡೆ ಒಂದು 30x40 ತೆಗೆದುಕೊಂಡರು. ರೆವೆನ್ಯೂ ಸೈಟು, ಅಂದರೆ ಕನ್ವರ್ಷನ್ ಆಗದ ಹೊಲದ ಸೈಟು. ಬಣ್ಣದ ಬ್ರೋಷರಿನಲ್ಲಿ ಪಾರ್ಕ್ ಇತ್ತು, ದೇವಸ್ಥಾನ ಇತ್ತು, 40 ಅಡಿ ರಸ್ತೆ ಇತ್ತು. ಪಾರ್ಕಿನ ಜಾಗ ಆಮೇಲೆ ನಾಲ್ಕು ಸೈಟಾಯಿತು. ಮಳೆ ಬಂದರೆ ಅಪ್ಪನ ಸೈಟಿನ ಕಲ್ಲೂ ಕಾಣುವುದಿಲ್ಲ, ಪಕ್ಕದ ಕಾಲುವೆಯೂ ಕಾಣುವುದಿಲ್ಲ, ಎರಡೂ ಒಂದೇ.

ಹಾಗಂತ ಇಲ್ಲಿ ಎಲ್ಲ ಸರಿ ಅಂತ ನಾನು ಹೇಳಲಾರೆ. ಗೆರೆಯೊಳಗೆ ಜಾಗ ಕಮ್ಮಿ, ಬರುವವರು ಜಾಸ್ತಿ, ರೇಟು ಏರದೆ ಇನ್ನೇನು? ಪಾರ್ಕಿಗೆ ಇಷ್ಟು, ರಸ್ತೆಗೆ ಇಷ್ಟು, ಚರಂಡಿಗೆ ಇಷ್ಟು ಅಂತ ಒಂದೊಂದು ಮನೆಗೂ ಬಿಲ್ಡರ್ ಕಟ್ಟುವ ಹತ್ತಾರು ಸಾವಿರ ಡಾಲರ್ ಕೊನೆಗೆ ನಮ್ಮ ಸಾಲಕ್ಕೇ ಸೇರುತ್ತದೆ. ಒಂದೇ ಜಾಗದಲ್ಲಿ ಎರಡು, ಮೂರು, ನಾಲ್ಕು ಮನೆ ಕಟ್ಟಲು ಬಿಡಲೇಬೇಕು ಅಂತ 2019ರಲ್ಲಿ ರಾಜ್ಯವೇ ಕಾನೂನು ಮಾಡಿತು. ಆದರೂ ನಮ್ಮ ಮಕ್ಕಳ ಶಾಲೆಯ ಟೀಚರಿಗೆ ಈ ಕಡೆ ಮನೆ ಕೊಳ್ಳಲು ಆಗುತ್ತಿಲ್ಲ. ದಿನಾ ದೂರದಿಂದ ಬರುತ್ತಾರೆ.

ಅಪ್ಪ ಇದ್ದಷ್ಟು ದಿನ ಬೆಳಗಿನ ವಾಕಿಂಗ್ ಆ ರಸ್ತೆಗೇ. ಪ್ಯಾಂಟಿನ ಜೇಬಿನಲ್ಲಿ ನಾಲ್ಕು ಹೇಜಲ್‌ನಟ್ ತಂದು ಅಡುಗೆಮನೆ ಕಟ್ಟೆಯ ಮೇಲೆ ಇಡುತ್ತಿದ್ದರು. ರಸ್ತೆಗೆ ಉರುಳಿ ಬಂದದ್ದು, ಕದ್ದದ್ದಲ್ಲ ಅಂತ ಪ್ರತಿ ಸಲವೂ ಹೇಳುತ್ತಿದ್ದರು.

2024ರ ಡಿಸೆಂಬರಿನಲ್ಲಿ ಗೆರೆ ಮತ್ತೆ ಸರಿಯಿತು. ನಮ್ಮ ದಕ್ಷಿಣಕ್ಕಿರುವ ಶೆರ್ವುಡ್ ಊರಿನ ಪಶ್ಚಿಮಕ್ಕೆ 1,291 ಎಕರೆ. ಅಷ್ಟೊತ್ತಿಗೆ ಅಪ್ಪ ಬೆಂಗಳೂರು ಸೇರಿದ್ದರು. ವಾಟ್ಸಾಪಿನಲ್ಲಿ ಸುದ್ದಿ ಕೊಟ್ಟೆ. ತಕ್ಷಣ ಫೋನ್ ಬಂತು.

"ಅಲ್ಲೊಂದು ಸೈಟ್ ನೋಡಿಡು."

"ಅಪ್ಪ, ಇನ್ನೂ ಪ್ಲಾನೇ ಪೂರ್ತಿ ಆಗಿಲ್ಲ. ಮನೆ ಏಳೋಕೆ ಎಷ್ಟೋ ವರ್ಷ ಹಿಡಿಯುತ್ತೆ."

"ಹಿಡೀಲಿ ಬಿಡು. ಆನೇಕಲ್‌ದು ಹದಿನಾರು ವರ್ಷ ಆಯ್ತಲ್ಲ."