ಸ್ವೆಟರಿನೊಳಗೆ ಒದ್ದೆ ಬನಿಯನ್

ವಾರದ ಕೊನೆಗೆ ಚಾರಣದ ತಂಡ ಕರೆದುಕೊಂಡು ಹೋಗುವುದು ನನ್ನ ಕೆಲಸ. ಚಳಿಗಾಲ ಬಂತೆಂದರೆ ಜಾಸ್ತಿ ಜನ ಕೇಳುವುದು ಕುಮಾರ ಪರ್ವತ. ಪುಷ್ಪಗಿರಿ ವನ್ಯಧಾಮದೊಳಗಿನ ಬೆಟ್ಟ, 1,712 ಮೀಟರ್. ಮಳೆಗಾಲದಲ್ಲಿ ಇಂಬಳ, ಜಾರುವ ಬಂಡೆ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯ. ಚಳಿಗಾಲ ಒಂದೇ ಸಲೀಸು ಅಂತ ನಾನೂ ನಂಬಿದ್ದೆ.

ಒಂದು ಡಿಸೆಂಬರಿನಲ್ಲಿ ಕುಕ್ಕೆ ಕಡೆಯಿಂದ ಹತ್ತು ಜನರನ್ನು ಹತ್ತಿಸುತ್ತಿದ್ದೆ. ಕೆಳಗಿನ ಕಾಡಿನಲ್ಲಿ ಗಾಳಿಯೇ ಆಡುವುದಿಲ್ಲ, ಬರೀ ಏರು. ಗಿರಿಗದ್ದೆ ದಾಟಿದರೆ ಮರವಿಲ್ಲದ ಹುಲ್ಲುಗುಡ್ಡ, ನೆತ್ತಿ ಸುಡುವ ಬಿಸಿಲು. ‘ಸುಮ್ನೆ ಸ್ವೆಟರ್ ಹೊರಿಸಿದ್ರಿ ಅಣ್ಣಾ’ ಅಂತ ಒಬ್ಬ ಹುಡುಗ ರೇಗಿಸಿದ. ಅವನ ಟೀ ಶರ್ಟ್ ಬೆನ್ನಿಗೆ ಅಂಟಿಕೊಂಡಿತ್ತು.

ತುದಿ ಮುಟ್ಟಿದಾಗ ಮಧ್ಯಾಹ್ನ ಎರಡು. ಗಾಳಿ ಬೀಸುತ್ತಿತ್ತು. ಫೋಟೋ, ಚಪಾತಿ, ಹರಟೆ ಅಂತ ಮುಕ್ಕಾಲು ಗಂಟೆ ಕೂತೆವು. ಇಳಿಯುವಾಗ ಶೋಲಾ ಕಾಡಿನ, ಅಂದರೆ ಹುಲ್ಲುಗುಡ್ಡಗಳ ಸಂದಿಯಲ್ಲಿ ಬೆಳೆಯುವ ದಟ್ಟ ಕಾಡಿನ, ನೆರಳಿನಲ್ಲಿ ಆ ಹುಡುಗ ಹಿಂದೆ ಬಿದ್ದ. ನೋಡಿದರೆ ಶೂ ಲೇಸ್ ಕಟ್ಟಲು ಒದ್ದಾಡುತ್ತಿದ್ದಾನೆ, ಬೆರಳು ಮಾತು ಕೇಳುತ್ತಿಲ್ಲ. ಮಾತೂ ತೊದಲುತ್ತಿತ್ತು. ಸ್ವೆಟರ್ ಹಾಕಿಸಿ ಬೆಲ್ಲ ಕೊಟ್ಟೆ. ನಡುಕ ನಿಲ್ಲಲಿಲ್ಲ.

ಜೊತೆಗಿದ್ದ ಸುಬ್ರಹ್ಮಣ್ಯದ ಹಿರಿಯ ಗೈಡ್ ಬಂದು ಅವನ ಕುತ್ತಿಗೆಯೊಳಗೆ ಕೈ ಹಾಕಿ ನೋಡಿದರು. ‘ಸ್ವೆಟರ್ ಆಮೇಲೆ ಮಾರಾಯ್ರೇ. ಒಳಗಿನದ್ದು ಪೂರಾ ಒದ್ದೆ ಉಂಟಲ್ಲ, ಅದನ್ನು ತೆಗೆಸಿ ಮೊದಲು.’ ಟೀ ಶರ್ಟಿನ ಕೆಳಗೆ ಬನಿಯನ್ ಬೇರೆ, ಹಿಂಡಿದರೆ ನೀರು ಬಂತು. ತಮ್ಮ ಬೈರಾಸಿನಿಂದ ಅವನ ಬೆನ್ನು ಒರೆಸಿದರು. ಸ್ವೆಟರನ್ನು ಬರಿಮೈಗೆ ಹಾಕಿಸಿ, ಮೇಲೆ ನನ್ನ ಜಾಕೆಟ್ ಏರಿಸಿದೆವು. ಕಾಲು ಗಂಟೆ ಕಳೆದ ಮೇಲೆ ಹುಡುಗನ ಮಾತು ನೆಟ್ಟಗಾಯಿತು.

ಲೆಕ್ಕ ಹಾಕಿದರೆ ಇದರಲ್ಲಿ ಆಶ್ಚರ್ಯವೇ ಇಲ್ಲ. ಸಾವಿರ ಮೀಟರ್ ಏರಿದರೆ ತಾಪ ಸುಮಾರು ಆರು ಡಿಗ್ರಿ ಇಳಿಯುತ್ತದೆ. ಕುಕ್ಕೆಯಿಂದ ತುದಿಗೆ ಹತ್ತು ಡಿಗ್ರಿಯಷ್ಟು ವ್ಯತ್ಯಾಸ. ಹತ್ತಿ ಬಟ್ಟೆ ಬೆವರನ್ನು ಹೀರಿ ಹಿಡಿದುಕೊಳ್ಳುತ್ತದೆ. ಅದು ಆರುವಾಗ ಮೈಯ ಬಿಸಿಯನ್ನೇ ಎಳೆಯುತ್ತದೆ. ಹತ್ತುವಾಗ ಗೊತ್ತಾಗುವುದಿಲ್ಲ, ಕೂತಾಗ ಗೊತ್ತಾಗುತ್ತದೆ. ಹೊರಡುವ ಮುಂಚೆ ನಾನು ಎಲ್ಲರ ಬ್ಯಾಗಿನಲ್ಲಿ ಟಾರ್ಚ್, ನೀರು, ಗುರುತಿನ ಚೀಟಿ ನೋಡಿದ್ದೆ. ಇನ್ನೊಂದು ಒಣ ಅಂಗಿ ಇದೆಯಾ ಅಂತ ಕೇಳಿರಲೇ ಇಲ್ಲ.

ಅಂದು ಕಾಡಿನ ಕೊನೆಯ ಭಾಗ ಇಳಿದದ್ದು ಟಾರ್ಚ್ ಬೆಳಕಿನಲ್ಲಿ. ಡಿಸೆಂಬರಿನಲ್ಲಿ ಆರು ದಾಟುತ್ತಲೇ ಸೂರ್ಯ ಮುಳುಗುತ್ತಾನೆ, ಮರಗಳ ಅಡಿಯಲ್ಲಿ ಅದಕ್ಕೂ ಮುಂಚೆಯೇ ಕತ್ತಲು.

ಈಗ ಕೂರುವ ಮೊದಲು ಅಂಗಿ ಬದಲಿಸಲೇಬೇಕು, ಬನಿಯನ್ ಸಮೇತ. ಮಧ್ಯಾಹ್ನ ಒಂದಕ್ಕೆ ಎಲ್ಲಿದ್ದರೂ ವಾಪಸ್. ಕಳೆದ ಸಲ ತುದಿ ಕಣ್ಣೆದುರೇ ಇತ್ತು, ಇಪ್ಪತ್ತು ನಿಮಿಷದ ದಾರಿ ಅಷ್ಟೇ. ವಾಪಸ್ ಅಂದೆ. ಇಬ್ಬರು ಕುಕ್ಕೆವರೆಗೂ ನನ್ನ ಹತ್ತಿರ ಮಾತಾಡಲಿಲ್ಲ.