ಪೋರ್ಥ್‌ಗೈನ್ ಹಾದಿಯ ಕಲ್ಲಿನ ಮನೆ

ಲಂಡನ್ನಿನಿಂದ ಪಶ್ಚಿಮಕ್ಕೆ ಹೊರಡುವ ಎಂ4 ಹೆದ್ದಾರಿ ಸೆವರ್ನ್ ನದೀಮುಖವನ್ನು ದಾಟಿ ವೇಲ್ಸ್ ಪ್ರವೇಶಿಸುತ್ತದೆ. ಕಾರ್ಮಾರ್ಥನ್‌ಶೈರಿನಲ್ಲಿ ಆ ಹೆದ್ದಾರಿ ಮುಗಿದ ಮೇಲೂ ಪೆಂಬ್ರೋಕ್‌ಶೈರಿನ ಪಶ್ಚಿಮ ತುದಿಗೆ ಇನ್ನೂ ಬಹಳ ದೂರವಿರುತ್ತದೆ. ಹ್ಯಾವರ್‌ಫರ್ಡ್‌ವೆಸ್ಟ್ ಪಟ್ಟಣದ ಬಳಿಕ ರಸ್ತೆ ಕಿರಿದಾಗುತ್ತ ಹೋಗಿ, ಕೊನೆಯ ಕೆಲವು ಮೈಲಿಗಳಲ್ಲಿ ಕಲ್ಲುಮಣ್ಣಿನ ಎತ್ತರದ ಬದುಗಳ ನಡುವೆ ಒಂದೇ ಕಾರು ಹಿಡಿಸುವಷ್ಟು ಉಳಿಯುತ್ತದೆ. ಎದುರಿನಿಂದ ಟ್ರ್ಯಾಕ್ಟರ್ ಬಂದರೆ, ಯಾರಿಗೆ ಅಗಲವಾದ ಜಾಗ ಹತ್ತಿರವೋ ಅವರು ಹಿಂದಕ್ಕೆ ಸರಿಯಬೇಕು; ಅಲ್ಲಿ ಅದಕ್ಕೆ ಯಾರೂ ಹಾರ್ನ್ ಮಾಡುವುದಿಲ್ಲ.

ಸೆಪ್ಟೆಂಬರಿನಲ್ಲಿ ಮಗಳು, ಅಳಿಯ, ಮೊಮ್ಮಕ್ಕಳೊಂದಿಗೆ ನಾವು ಒಂದು ವಾರಕ್ಕೆ ಬಾಡಿಗೆ ಹಿಡಿದ ಕಾಟೇಜು ಸೇಂಟ್ ಡೇವಿಡ್ಸ್ ಮತ್ತು ಪೋರ್ಥ್‌ಗೈನ್ ನಡುವಿನ ಒಂದು ಹಳ್ಳಿಯಲ್ಲಿತ್ತು. ಅಂಗಡಿಯಿಲ್ಲ, ಮೊಬೈಲ್ ಸಿಗ್ನಲ್ ಸಿಗಬೇಕಾದರೆ ಅಂಗಳದ ಮೂಲೆಗೆ ಹೋಗಬೇಕು. ಬಾಗಿಲ ಪಕ್ಕದ ಸಣ್ಣ ಪೆಟ್ಟಿಗೆಗೆ ಗುಪ್ತಸಂಖ್ಯೆ ಒತ್ತಿ ಕೀಲಿ ತೆಗೆದು ಒಳಹೊಕ್ಕಾಗ ಮೊದಲು ಗಮನಕ್ಕೆ ಬಂದದ್ದು ಗೋಡೆಯ ದಪ್ಪ: ಕಿಟಕಿಯ ಕಟ್ಟೆಯ ಮೇಲೆ ಮಗುವೊಂದು ಕಾಲು ಮಡಚಿ ಕೂತು ಓದಬಹುದಿತ್ತು. ಅಡುಗೆಮನೆಯ ಗೋಡೆಗೆ ಆ ತಿಂಗಳ ಉಬ್ಬರವಿಳಿತದ ವೇಳಾಪಟ್ಟಿಯನ್ನು ಅಂಟಿಸಿದ್ದರು. ಮೊದಲ ದಿನ ಅದನ್ನು ಅಲಂಕಾರವೆಂದುಕೊಂಡ ಮಕ್ಕಳು ಮೂರನೆಯ ದಿನಕ್ಕೆ ಅದನ್ನು ನೋಡದೆ ಚಪ್ಪಲಿ ಮೆಟ್ಟುತ್ತಿರಲಿಲ್ಲ.

ಮನೆಯ ಚಾವಣಿ ಮಾತ್ರ ವಿಚಿತ್ರವಾಗಿತ್ತು. ಸ್ಲೇಟಿನ ಹಲಗೆಗಳ ಮೇಲೆ ಸಿಮೆಂಟಿನ ತಿಳಿಯನ್ನು ಬಳಿದಿದ್ದರಿಂದ ಇಡೀ ಮಾಡು ಒಂದೇ ಬಿಳಿಚು ಹೊದಿಕೆಯಂತೆ ಕಾಣುತ್ತಿತ್ತು. ಪೆಂಬ್ರೋಕ್‌ಶೈರಿನ ಹಳೆಯ ಮನೆಗಳಲ್ಲಿ ಇದು ಸಾಮಾನ್ಯ. ಸ್ಥಳೀಯ ಸ್ಲೇಟು ಉತ್ತರ ವೇಲ್ಸಿನದರಷ್ಟು ಗಟ್ಟಿಯಲ್ಲ, ಅಟ್ಲಾಂಟಿಕ್ಕಿನ ಗಾಳಿಯೋ ಹೆಂಚನ್ನು ಎಬ್ಬಿಸುವಂಥದು; ಆದ್ದರಿಂದ ಎಲ್ಲವನ್ನೂ ಹೀಗೆ ಬೆಸೆಯುತ್ತಿದ್ದರು. ಇದನ್ನು ತಿಳಿದ ಮೇಲೆ ನಮ್ಮ ತಿರುಗಾಟಕ್ಕೆ ಒಂದು ದಿಕ್ಕು ಬಂತು, ಏಕೆಂದರೆ ಅಂಥ ಸ್ಲೇಟನ್ನು ಅಗೆದ ಗಣಿ ನಡೆದು ಹೋಗುವಷ್ಟು ಹತ್ತಿರದಲ್ಲಿತ್ತು.

ಅಬೆರೈಡಿಯ ಆ ಗಣಿಯನ್ನು ಈಗ ನೀಲಿ ಸರೋವರ ಎಂದು ಕರೆಯುತ್ತಾರೆ. ಕೆಲಸ ನಿಂತ ಬಳಿಕ ಸಮುದ್ರದ ಕಡೆಯ ಬಂಡೆಯನ್ನು ಸಿಡಿಸಿ ನೀರನ್ನು ಒಳಬಿಟ್ಟರು; ಸುಮಾರು 25 ಮೀಟರ್ ಆಳದ ನೀರು ಸ್ಲೇಟಿನ ಬಣ್ಣದಿಂದ ಹಸಿರು ಬೆರೆತ ನೀಲಿಯಾಗಿ ಕಾಣುತ್ತದೆ. ಅಲ್ಲಿಂದ ಪೋರ್ಥ್‌ಗೈನ್ ಬಂದರಿಗೆ ಸ್ಲೇಟು ಸಾಗಿಸಲು ಹಿಂದೆ ಟ್ರಾಮ್‌ಹಳಿ ಇತ್ತು. ನಾವು ಹೋದದ್ದು ಕಡಲಂಚಿನ ಕಾಲುದಾರಿಯಲ್ಲಿ, ಸುಮಾರು ಮೂರು ಕಿಲೋಮೀಟರು. 1970ರಲ್ಲಿ ಉದ್ಘಾಟನೆಯಾದ ಪೆಂಬ್ರೋಕ್‌ಶೈರ್ ಕರಾವಳಿ ಹಾದಿಯ ಒಟ್ಟು ಉದ್ದ 186 ಮೈಲಿ, ಎಂದರೆ ಹತ್ತಿರಹತ್ತಿರ 300 ಕಿಲೋಮೀಟರ್. ನಮ್ಮ ಮೊಣಕಾಲಿಗೆ ಅದರ ಒಂದು ಚೂರೇ ಸಾಕಾಯಿತು. ದಾರಿಯಲ್ಲಿ ಒಂದು ಕಡಿದಾದ ಕೊಲ್ಲಿಯ ಉರುಟುಗಲ್ಲುಗಳ ನಡುವೆ ಬಿಳಿ ತುಪ್ಪಳದ ಬೂದು ಸೀಲ್ ಮರಿಯೊಂದು ಮಲಗಿತ್ತು. ಬೇಸಿಗೆಯ ಕೊನೆಯಿಂದ ಶರತ್ಕಾಲದವರೆಗೆ ಇಲ್ಲಿ ಅವು ಮರಿ ಹಾಕುವ ಕಾಲ. ಜನ ಕೆಳಗಿಳಿದರೆ ತಾಯಿ ಮರಿಯನ್ನು ಬಿಟ್ಟು ನೀರಿಗೆ ಹೋಗಿಬಿಡಬಹುದು. ಆದುದರಿಂದ ದೂರ್ಬೀನಿಗಾಗಿ ಜಗಳವಾಡುತ್ತ ಮೇಲಿನಿಂದಲೇ ನೋಡಿದೆವು.

ಪೋರ್ಥ್‌ಗೈನ್ ಬಂದರಿನ ಒಂದು ಬದಿಯನ್ನು ಕೆಂಪು ಇಟ್ಟಿಗೆಯ ಬೃಹತ್ ಗೋದಾಮುಗಳು ಆವರಿಸಿವೆ. ಮೊದಲು ಸ್ಲೇಟು, ಬಳಿಕ ಇಟ್ಟಿಗೆ, ಕೊನೆಗೆ ರಸ್ತೆಗೆ ಹಾಕುವ ಜಲ್ಲಿಕಲ್ಲು ಇಲ್ಲಿಂದ ಹಡಗೇರಿದವು. 1931ರಲ್ಲಿ ಕೆಲಸ ನಿಂತಿತು. ಜಲ್ಲಿಯನ್ನು ಗಾತ್ರಕ್ಕೆ ತಕ್ಕಂತೆ ತುಂಬಿಡುತ್ತಿದ್ದ ಆ ಗೂಡುಗಳನ್ನು ಕೆಡವದೆ ಉಳಿಸಿದ್ದು ನನಗೆ ಬಹಳ ಸರಿಯೆನಿಸಿತು. ಅವಿಲ್ಲದಿದ್ದರೆ ಈ ಊರು ಎಂದಿನಿಂದಲೂ ಪ್ರವಾಸಿಗರಿಗಾಗಿಯೇ ಇತ್ತೆಂದು ನಂಬುವುದು ಸುಲಭವಾಗುತ್ತಿತ್ತು.

ಸೇಂಟ್ ಡೇವಿಡ್ಸ್‌ನಲ್ಲಿ ಅರ್ಧ ದಿನ ಕಳೆದೆವು. ಎರಡು ಸಾವಿರ ಜನರೂ ಇಲ್ಲದ ಈ ಊರಿಗೆ 1994ರಲ್ಲಿ ನಗರದ ಸ್ಥಾನ ದೊರೆಯಿತು. 1181ರಲ್ಲಿ ಕಟ್ಟಲಾರಂಭಿಸಿದ ಕ್ಯಾಥೆಡ್ರಲ್ ತಗ್ಗಿನಲ್ಲಿರುವುದರಿಂದ ಮುಂದೆ ಬಂದು ನಿಲ್ಲುವವರೆಗೂ ಕಣ್ಣಿಗೆ ಬೀಳುವುದಿಲ್ಲ.

ಸಂಜೆಗಳಲ್ಲಿ ಹಳ್ಳಿಯನ್ನು ಸುತ್ತುವಾಗ ದೀಪವಿಲ್ಲದ ಕಿಟಕಿಗಳನ್ನು ಗಮನಿಸದಿರಲು ಸಾಧ್ಯವಿರಲಿಲ್ಲ. ರಜೆಯ ಮನೆಗಳು ಹೆಚ್ಚಿದಷ್ಟೂ ಊರಿನ ಯುವಕರಿಗೆ ಮನೆ ಕೈಗೆಟುಕುವುದಿಲ್ಲವೆಂಬ ದೂರು ವೇಲ್ಸಿನ ಕರಾವಳಿಯುದ್ದಕ್ಕೂ ಇದೆ. ಏಪ್ರಿಲ್ 2023ರಿಂದ ಎರಡನೆಯ ಮನೆಗಳ ಮೇಲೆ ಶೇಕಡ 300ರವರೆಗೆ ಹೆಚ್ಚುವರಿ ಕೌನ್ಸಿಲ್ ತೆರಿಗೆ ಹಾಕಲು ಅಲ್ಲಿನ ಸ್ಥಳೀಯ ಆಡಳಿತಗಳಿಗೆ ಅಧಿಕಾರವಿದೆ. ಈ ತೆರಿಗೆಯಿಂದ ಹೊರಗುಳಿದು ವ್ಯಾಪಾರವೆಂದು ಪರಿಗಣಿಸಲ್ಪಡಬೇಕಾದರೆ ಮನೆಯನ್ನು ವರ್ಷಕ್ಕೆ ಕನಿಷ್ಠ 182 ರಾತ್ರಿ ಬಾಡಿಗೆಗೆ ಕೊಟ್ಟಿರಬೇಕು, ಮೊದಲು 70 ಇದ್ದರೆ ಸಾಕಾಗುತ್ತಿತ್ತು. ನಮ್ಮ ಕಾಟೇಜಿನ ಒಡತಿ ಪಕ್ಕದ ಹೊಲದಲ್ಲೇ ದನ ಸಾಕಿಕೊಂಡಿರುವವರು. ಬಾಡಿಗೆಯಿಲ್ಲದೆ ಹೊಲ ನಡೆಯುವುದಿಲ್ಲವೆಂದೂ, ತನ್ನ ಮಗನಿಗೂ ಊರಿನಲ್ಲಿ ಮನೆ ಸಿಕ್ಕಿಲ್ಲವೆಂದೂ ಒಂದೇ ಉಸಿರಿನಲ್ಲಿ ಹೇಳಿದರು. ಆ ಲೆಕ್ಕ ತುಂಬಿಸಲು ಈಗ ಫೆಬ್ರವರಿಯಲ್ಲೂ ಮನೆ ತೆರೆದಿಡುತ್ತಾರಂತೆ, ದರ ತೀರ ಕಡಿಮೆಯಂತೆ. ಅಳಿಯ ಆಗಲೇ ಕ್ಯಾಲೆಂಡರ್ ತೆಗೆದಿದ್ದ.