ಪಿವಿಎ-ನ್ಯಾನೊಟ್ಯೂಬ್ ಫಿಲ್ಮ್ ಅಪ್‌ಡೇಟ್: ಎಳೆದಾಯ್ತು, ಈಗ ಟ್ಯೂಬ್‌ಗಳು ಎಷ್ಟು ಸಾಲಾಗಿ ನಿಂತಿವೆ?

ಪಿವಿಎ (ಪಾಲಿವಿನೈಲ್ ಆಲ್ಕೊಹಾಲ್, ನೀರಲ್ಲಿ ಕರಗೋ ಪ್ಲಾಸ್ಟಿಕ್) ಫಿಲ್ಮ್ ಒಳಗೆ ಕಾರ್ಬನ್ ನ್ಯಾನೊಟ್ಯೂಬ್ (ಕಾರ್ಬನ್‌ನ ಅತಿ ಸಣ್ಣ ಕೊಳವೆ) ಬೆರೆಸಿ, ಫಿಲ್ಮ್ ಎಳೆದು ಅವನ್ನ ಒಂದೇ ದಿಕ್ಕಿಗೆ ಸಾಲಾಗಿಸೋ ಪ್ರಯತ್ನ ಇದು. ಫಿಲ್ಮ್ ಒಣಗಿ ಚೆನ್ನಾಗೇ ಬಂತು. ಸಿಂಗಲ್ ವಾಲ್ (ಒಂದೇ ಪದರದ ಗೋಡೆಯ) ಟ್ಯೂಬ್‌ನ ಸರ್ಫ್ಯಾಕ್ಟಂಟ್ (ಸೋಪಿನಂಥದ್ದು) ನೀರಲ್ಲಿ ಸೋನಿಕೇಟ್ ಮಾಡಿ (ಶಬ್ದದ ಅಲೆಯಿಂದ ಬಿಡಿಸಿ), ಸೆಂಟ್ರಿಫ್ಯೂಜ್‌ಗೆ ಹಾಕಿ ಗಂಟುಗಳನ್ನೆಲ್ಲ ಕೆಳಗೆ ಕೂರಿಸಿ, ಮೇಲಿನ ತಿಳಿ ಮಾತ್ರ ಪಿವಿಎಗೆ ಬೆರೆಸಿ ಪೆಟ್ರಿ ಡಿಶ್‌ಗೆ ಹುಯ್ದಿದ್ದು. ತಿಳಿ ಬೂದು ಬಣ್ಣ, ಕರಿ ಚುಕ್ಕೆ ಇಲ್ಲ.

ಎಳೆಯೋಕೆ ಮುಂಚೆ ಮಾರ್ಕರ್‌ನಲ್ಲಿ ಸಣ್ಣ ಸಣ್ಣ ವೃತ್ತ ಬರೆದಿಟ್ಟೆ, ಯಾಕಂದ್ರೆ ಪಿವಿಎ ಎಲ್ಲಾ ಕಡೆ ಒಂದೇ ಸಮ ಎಳೆಯಲ್ಲ, ನಡುವೆ ಕುತ್ತಿಗೆ ಥರ ಸಣ್ಣಗಾಗತ್ತೆ, ಕ್ಲಾಂಪ್ ಹತ್ರದ ವೃತ್ತ ಹಾಗೇ ದುಂಡಗೆ ಉಳಿದಿದೆ, ನಡುವಿನದ್ದು ಉದ್ದಕ್ಕೆ 3 ಪಟ್ಟಾಗಿದೆ. ಹಂಗಾಗಿ ಅಳತೆ ಎಲ್ಲಾ ನಡುವಿನ ಜಾಗದ್ದೇ.

ಮಜಾ ಇರೋದು ಬೆಳಕಲ್ಲಿ. ಎರಡು ಪೋಲರೈಸರ್ (ಒಂದೇ ದಿಕ್ಕಲ್ಲಿ ಕಂಪಿಸೋ ಬೆಳಕನ್ನ ಮಾತ್ರ ಬಿಡೋ ಹಾಳೆ) ಅಡ್ಡಡ್ಡ ಇಟ್ಟು ಮಧ್ಯೆ ಫಿಲ್ಮ್ ಹಿಡಿದ್ರೆ ಬಣ್ಣ ಬಣ್ಣ ಕಾಣತ್ತಲ್ಲ, ಅದು ಹೆಚ್ಚುಕಮ್ಮಿ ಪಿವಿಎ ಚೈನ್‌ಗಳ ಕೆಲಸ, ಟ್ಯೂಬ್ ಇಲ್ಲದ ಖಾಲಿ ಫಿಲ್ಮ್‌ನಲ್ಲೂ ಬರತ್ತೆ. ಅದನ್ನ ನೋಡಿ ಟ್ಯೂಬ್ ಸಾಲಾಯ್ತು ಅಂತ ಬರೆಯೋರನ್ನ ನಂಬ್ಬೇಡಿ. ಟ್ಯೂಬ್ ಕಥೆ ಬೇಕಂದ್ರೆ ಒಂದೇ ಪೋಲರೈಸರ್ ಸಾಕು: ಎಳೆದ ದಿಕ್ಕಿಗೆ ಸಮ ಇಟ್ಟಾಗ ಫಿಲ್ಮ್ ಕಪ್ಪಾಗತ್ತೆ, ಅಡ್ಡ ತಿರುಗಿಸಿದ್ರೆ ತಿಳಿಯಾಗತ್ತೆ, ಖಾಲಿ ಪಿವಿಎಯಲ್ಲಿ ಏನೂ ಆಗಲ್ಲ. ನ್ಯಾನೊಟ್ಯೂಬ್ ತನ್ನ ಉದ್ದಕ್ಕೆ ಕಂಪಿಸೋ ಬೆಳಕನ್ನೇ ಜಾಸ್ತಿ ಹೀರೋದು. ಎಡ್ವಿನ್ ಲ್ಯಾಂಡ್ 1938ರಲ್ಲಿ ಎಳೆದ ಪಿವಿಎಗೆ ಅಯೋಡಿನ್ ಕುಡಿಸಿ ಮಾಡಿದ ಪೋಲರೈಸರ್‌ನದ್ದೂ ಇದೇ ಉಪಾಯ.

ಅಬ್ಸಾರ್ಬೆನ್ಸ್ (ಎಷ್ಟು ಬೆಳಕು ಹೀರತ್ತೆ ಅನ್ನೋ ಅಳತೆ) ಉದ್ದಕ್ಕೆ 0.62, ಅಡ್ಡಕ್ಕೆ 0.21. ಅನುಪಾತ 2.95, ಅಲ್ಲಿಂದ ಆರ್ಡರ್ ಪ್ಯಾರಾಮೀಟರ್ 0.39 (0 ಅಂದ್ರೆ ಅಡ್ಡಾದಿಡ್ಡಿ, 1 ಅಂದ್ರೆ ಎಲ್ಲವೂ ಒಂದೇ ದಿಕ್ಕು). ಟ್ಯೂಬ್‌ಗಳು ನೆಟ್ಟಗಿರೋ ಕಡ್ಡಿ, ಸುತ್ತಲಿನ ಪಾಲಿಮರ್ ಜೊತೆ ಸುಮ್ನೆ ತಿರುಗ್ತವೆ ಅಂತಿಟ್ಕೊಂಡ್ರೆ 3 ಪಟ್ಟು ಎಳೆತಕ್ಕೆ 0.64 ಬರ್ಬೇಕು, 45 ಡಿಗ್ರಿಯಲ್ಲಿ ಓರೆಯಾಗಿದ್ದ ಕಡ್ಡಿ ಸುಮಾರು 11 ಡಿಗ್ರಿಗೆ ಇಳಿದಿರ್ಬೇಕು. ಇಷ್ಟು ವ್ಯತ್ಯಾಸಕ್ಕೆ ನನ್ನ ಅನುಮಾನ ಎರಡು, ಒಂದು ಟ್ಯೂಬ್‌ಗಳು ಡೊಂಕಾಗಿವೆ, ಕಟ್ಟು ಕಟ್ಟಾಗಿವೆ, ಇನ್ನೊಂದು ಅಡ್ಡದ 0.21ರಲ್ಲಿ ದಿಕ್ಕಿಗೆ ಸಂಬಂಧ ಇಲ್ಲದ ಬ್ಯಾಕ್‌ಗ್ರೌಂಡ್, ಚದುರಿದ ಬೆಳಕು ಎಲ್ಲಾ ಸೇರ್ಕೊಂಡಿದೆ.

ಯಾವುದು ಅಂತ ಬಿಡಿಸೋಕೆ ಮುಂದೆ ಪೋಲರೈಸ್ಡ್ ರಾಮನ್ (ಲೇಸರ್ ಬಿಟ್ಟು, ಚದುರಿ ಬರೋ ಬೆಳಕಿಂದ ಅಣುಗಳ ಕಂಪನ ಓದೋದು), 1590 cm⁻¹ ಹತ್ರದ ಜಿ ಬ್ಯಾಂಡ್‌ನಲ್ಲಿ (ಕಾರ್ಬನ್ ಬಂಧಗಳ ಕಂಪನದ ಗುರುತು), ರೆಸೊನೆನ್ಸ್ (ಲೇಸರ್ ಬಣ್ಣ ಟ್ಯೂಬ್ ಹೀರೋ ಬಣ್ಣಕ್ಕೆ ಹೊಂದೋದು) ಇರೋದ್ರಿಂದ ಅಲ್ಲಿ ಟ್ಯೂಬ್ ಸಿಗ್ನಲ್ಲೇ ಎದ್ದು ಕಾಣತ್ತೆ. ಅಷ್ಟರೊಳಗೆ 5 ಪಟ್ಟು ಎಳೆದ ಫಿಲ್ಮೂ ಬೇಕು. ಪಿವಿಎನ ಹರಿಯದೆ ಅಷ್ಟು ಎಳೆದೋರು ಇದ್ರೆ ಟೆಂಪರೇಚರ್ ಎಷ್ಟಿಟ್ರಿ, ಎಷ್ಟು ಸ್ಪೀಡಲ್ಲಿ ಎಳೆದ್ರಿ ಹೇಳಿ.